ರಾಯಚೂರು ಕೋಟೆಯ ಬಂಡಿಚಿತ್ರಕ್ಕೆ ಕನ್ನಡಿ ಹಿಡಿದದ್ದು: ನನ್ನ ಅನುಭವ

ಶಾಸನದ ಮೇಲೆ ಕಾಗದ ಒತ್ತಿ ಮಸಿಯಿಂದ ಪಡಿಯಚ್ಚು ತೆಗೆಯುವ ಹಿರಿಯರೂ ದುಬಾರಿ ಕ್ಯಾಮೆರಾದ ಗೆಳೆಯರೂ ಒಟ್ಟಾಗಿ ನಕ್ಕಿದ್ದ ವಿಧಾನದಿಂದಲೇ, ಅಂದರೆ ಕನ್ನಡಿಯಿಂದ ಬಿಸಿಲು ಹಾಯಿಸಿ, ರಾಯಚೂರು ಕೋಟೆಯ ಬಂಡಿಚಿತ್ರವನ್ನು ಉದ್ದಕ್ಕೂ ಸೆರೆಹಿಡಿದಿದ್ದೇನೆ. 1294ರ ಕಾಕತೀಯ ಶಾಸನವಿರುವ, 41 ಅಡಿಗೂ ಮಿಕ್ಕ ಉದ್ದದ ಬಂಡೆಯನ್ನು ಕೋಟೆಗೆ ಹೋದವರೆಲ್ಲ ನೋಡಿಯೇ ಇರುತ್ತಾರೆ. ಆ ಬಂಡೆಯನ್ನು ಕೋಣಗಳು ಎಳೆಯುವ ಬಂಡಿಯಲ್ಲಿ ಸಾಗಿಸಿ ತಂದ ಬಗೆಯನ್ನು ಅದರ ಪಕ್ಕದಲ್ಲೇ ತೆಳುಗೆರೆಗಳಲ್ಲಿ ಕೊರೆದಿದ್ದಾರಾದರೂ, ಸವೆದ ಆ ಗೆರೆಗಳು ಫೋಟೋದಲ್ಲಿ ಮೂಡುವುದೇ ಇಲ್ಲ.

ಬಾಡಿಗೆಯ ಕ್ಯಾಮೆರಾ ಮತ್ತು ಲೆನ್ಸಿಗೆ ನಾಲ್ಕೈದು ಸಾವಿರ ರೂಪಾಯಿ ಸುರಿದರೂ ನೇರ ಬಿಸಿಲಿನಲ್ಲಿ ಸಿಕ್ಕಿದ್ದು ಬೋಳು ಕಲ್ಲಿನ ಚಿತ್ರವಷ್ಟೆ. ಮುಸ್ಸಂಜೆಯಲ್ಲಿ ಎಲ್‌ಇಡಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಹತ್ತಿರದ ಕೋಣ ಬೆಳ್ಳಗೆ ಸುಟ್ಟುಹೋಗಿ, ದೂರದ ಕೋಣ ಕತ್ತಲಲ್ಲೇ ಉಳಿಯಿತು. ಆ ಟಾರ್ಚಿಗೂ ಸಾವಿರದ ಇನ್ನೂರರಷ್ಟು ದಂಡ. ಗೆರೆಗಳಿಗೆ ಸೀಮೆಸುಣ್ಣ ತುಂಬುವ ಚಾಳಿಯನ್ನಂತೂ ನಾನು ಒಪ್ಪುವವನಲ್ಲ.

ಕೊನೆಗೆ ಗುಜರಿಯಲ್ಲಿ ಮುನ್ನೂರು ರೂಪಾಯಿಯ ಆಸುಪಾಸಿಗೆ ಸಿಕ್ಕ ಬೀರುವಿನ ಕನ್ನಡಿಯೇ ಕೈಹಿಡಿಯಿತು. ಗೋಡೆಗೆ ಕಪ್ಪು ಬಟ್ಟೆಯ ನೆರಳು ಕೊಟ್ಟು, ಬಿಸಿಲನ್ನು ಕನ್ನಡಿಯಿಂದ ಹತ್ತು ಹನ್ನೆರಡು ಡಿಗ್ರಿಯ ಓರೆಯಲ್ಲಿ ಕಲ್ಲನ್ನು ಸವರುವಂತೆ ಹಾಯಿಸಿದರೆ, ಬೆಳಕು ಟಾರ್ಚಿನದರಂತೆ ದೂರ ಹೋದಷ್ಟೂ ಸೊರಗುವುದಿಲ್ಲ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬೆಳಕು ಕೊಟ್ಟು, ಒಂದು ಚಿತ್ರದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ಮೊಬೈಲಿನಲ್ಲೇ ತೆಗೆದೆ. ಸಾಲಾಗಿ ನೊಗಕ್ಕೆ ಕಟ್ಟಿದ ಕೋಣಗಳು, ಅರೆಕಾಲುಗಳಿಲ್ಲದ ಗಟ್ಟಿ ಗಾಲಿಗಳು, ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿಯನ್ನು ಮೀಟುವ ಆಳುಗಳು, ಎಲ್ಲವೂ ಎದ್ದು ಕಂಡವು. ನಕ್ಕವರೇ ಈಗ ಪ್ರತಿ ಕೇಳುತ್ತಿದ್ದಾರೆ. ಬೆಳಕು ಪಟ್ಟೆಪಟ್ಟೆಯಾಗದಂತೆ ಕನ್ನಡಿಗೆ ಏನನ್ನು ಅಂಟಿಸುತ್ತೇನೆಂಬುದನ್ನು ಮಾತ್ರ ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ಅದೇ ಕನ್ನಡಿಯನ್ನು ಗೋಡೆಯ ಸಂದುಗಳಿಗೂ ಹಿಡಿದು ನೋಡಿದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಗಡಿಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ, ಅವರ ನಂತರ ಬಿಜಾಪುರದವರೂ ಕಾದಾಡಿದ್ದು ಗೊತ್ತೇ ಇದೆ. 1520ರಲ್ಲಿ ಕೃಷ್ಣದೇವರಾಯನು ಇದನ್ನು ಇಸ್ಮಾಯಿಲ್ ಆದಿಲ್ ಶಾಹನಿಂದ ಗೆದ್ದುಕೊಂಡ ಮುತ್ತಿಗೆಯನ್ನು ವರ್ಣಿಸುವ ಪೋರ್ಚುಗೀಸ್ ವರ್ತಕ ನೂನಿಜ್, ಗೋಡೆಗಳನ್ನು ಸುಣ್ಣವಿಲ್ಲದೆ ಕಟ್ಟಲಾಗಿತ್ತೆಂದೂ, ಅವುಗಳಿಂದ ಕಿತ್ತು ತಂದ ಕಲ್ಲಿಗೆ ಗಾತ್ರಕ್ಕೆ ತಕ್ಕಂತೆ ಸೈನಿಕರಿಗೆ 10ರಿಂದ 50 ಪಣಗಳವರೆಗೆ (ಪಣವೆಂದರೆ ಆ ಕಾಲದ ಸಣ್ಣ ನಾಣ್ಯ) ಕೊಡಲಾಯಿತೆಂದೂ ಬರೆದಿದ್ದಾನೆ. ಕಲ್ಲಿಗೆ ಕಲ್ಲು ಕೂಡಿಸಿದ ಸಂದು ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಸಣ್ಣ ನೆರಳಾಗಿ ಕಂಡರೆ, ಗಾರೆ ತುಂಬಿದ ಸಂದು ಒರಟು ಪಟ್ಟಿಯಾಗಿ ತೋರುತ್ತದೆ. ಗಾರೆಯಿಲ್ಲದ ಕಟ್ಟಡದ ನಡುವೆ ಅಂಥ ತೇಪೆಗಳು ಕೆಲವೆಡೆ ಸಿಕ್ಕಿವೆಯಾದರೂ, ಅವನ್ನು ಆ ಮುತ್ತಿಗೆಗೇ ಗಂಟುಹಾಕುವಷ್ಟು ಆತುರ ನನಗಿಲ್ಲ. ಒಂದೊಂದು ತೇಪೆಯ ಅಗಲ, ಎತ್ತರ ಮತ್ತು ಗಾರೆಯ ಬಣ್ಣವನ್ನು ಬರೆದಿಡುತ್ತಿದ್ದೇನೆ.