ತುಮಕೂರಲ್ಲಿ ಆಟೋ ಹತ್ತಿ ಏನಂತ ಕೇಳಬೇಕು?

ತುಮಕೂರು ರೈಲ್ವೆ ಸ್ಟೇಷನ್ ಮುಂದೆ 19 ವರ್ಷದಿಂದ ಆಟೋ ಓಡಿಸುತ್ತಿದ್ದೇನೆ. ರಾತ್ರಿ ರೈಲು ಇಳಿದವರು ಹೇಳುವ ಮೊದಲ ಮಾತು, "ಅಣ್ಣ, ಒಂದು ಒಳ್ಳೆ ಹೋಟೆಲ್‌ಗೆ ಬಿಡಿ." ಗಾಡಿ ಸ್ಟಾರ್ಟ್ ಮಾಡೋ ಮೊದಲೇ ನಾನು ಕೇಳುತ್ತೇನೆ, "ಊಟಕ್ಕಾ, ಮಲಗೋದಕ್ಕಾ?" ನಮ್ಮ ಕಡೆ ಹೋಟೆಲ್ ಅಂದ್ರೆ ಇಡ್ಲಿ, ಕಾಫಿ. ಮಲಗೋಕೆ ಜಾಗ ಬೇಕಿದ್ದರೆ ಲಾಡ್ಜ್ ಅಂತಲೇ ಹೇಳಿ. 'ರೂಮ್ ಬೇಕು' ಅಂದರೂ ಸಾಕು.

ಮಿಲಿಟರಿ ಹೋಟೆಲ್ ಅಂತ ಬೋರ್ಡ್ ಕಂಡರೆ ಮುದ್ದೆ, ಮಾಂಸದ ಸಾರು. ಅಲ್ಲಿ ರೂಮೂ ಇಲ್ಲ, ಎಣ್ಣೆಯೂ ಇಲ್ಲ.

ಈಗ ಮುಖ್ಯವಾದ ವಿಷಯ. 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅನ್ನೋದರಲ್ಲಿ ಬೋರ್ಡಿಂಗ್ ಅಂದರೆ ಊಟ, ಲಾಡ್ಜಿಂಗ್ ಅಂದರೆ ವಸತಿ. ಅಬಕಾರಿಯವರು ಇಂಥ ಜಾಗಕ್ಕೆ ಕೊಡೋ ಲೈಸೆನ್ಸ್‌ಗೆ ಸಿಎಲ್-7 ಅಂತ ಹೆಸರು. ಅದಿದ್ದರೆ ಮೇಲೆ ರೂಮು, ಕೆಳಗೆ ಬಾರ್ ಇರಬಹುದು. ಬರೀ ಬಾರ್ ಅಂಡ್ ರೆಸ್ಟೋರೆಂಟ್ ಆದರೆ ಸಿಎಲ್-9, ಅಲ್ಲಿ ರೂಮ್ ಕೇಳಬೇಡಿ. ಈ ವ್ಯತ್ಯಾಸ ಮೊದಲು ನಾನೂ ತಲೆಗೆ ಹಾಕಿಕೊಂಡಿರಲಿಲ್ಲ. ಒಂದು ರಾತ್ರಿ ಅರಸೀಕೆರೆ ಕಡೆಯಿಂದ ತಾಯಿ, ಮಗಳು ಬಂದಿಳಿದರು. ಬೆಳಗ್ಗೆ ಹುಡುಗಿಗೆ ಪರೀಕ್ಷೆ. ಹತ್ತಿರ ಇದೆ ಅಂತ ಒಂದು ಲಾಡ್ಜ್‌ಗೆ ಬಿಟ್ಟೆ. ಕೆಳಗಡೆ ಬಾರ್, ಎರಡಕ್ಕೂ ಒಂದೇ ಮೆಟ್ಟಿಲು. ಬೆಳಗ್ಗೆ ಕರೆದುಕೊಂಡು ಹೋಗೋಕೆ ಹೋದರೆ ಹುಡುಗಿಯ ಕಣ್ಣು ಕೆಂಪಗಾಗಿತ್ತು. ತಾಯಿ ಹೇಳಿದರು, "ಬಾಗಿಲಿಗೆ ಟೇಬಲ್ ಅಡ್ಡ ಇಟ್ಟು ಕೂತಿದ್ವಿ ಕಣಪ್ಪ." ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಅವತ್ತು ಬಾಡಿಗೆ ತಗೊಳ್ಳಲಿಲ್ಲ.

ಹಾಗಾಗಿ ಹೆಣ್ಣುಮಕ್ಕಳು, ವಯಸ್ಸಾದವರು ಜೊತೆಗಿದ್ದರೆ 'ಬಾರ್ ಇಲ್ಲದ ಲಾಡ್ಜ್' ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. 'ಫ್ಯಾಮಿಲಿ' ಅನ್ನೋ ಪದ ನೋಡಿ ನಂಬಬೇಡಿ, ಬಾರಿನವರೂ ಅದನ್ನು ಬರೆಸುತ್ತಾರೆ. ಕೆಳಗಡೆ ಶುದ್ಧ ಸಸ್ಯಾಹಾರಿ ಹೋಟೆಲ್ ಇದ್ದರೆ ಸ್ವಲ್ಪ ಧೈರ್ಯ. ದುಡ್ಡು ಕಟ್ಟೋ ಮೊದಲು ಮೆಟ್ಟಿಲು ಎಲ್ಲಿಂದ ಹತ್ತುತ್ತದೆ ಅಂತ ಒಂದ್ಸಲ ನೋಡಿ ಬನ್ನಿ. ನಾನು ಕಾಯುತ್ತೇನೆ.

ಕುಡಿಯೋರಿಗೂ ಮಾತು ಸರಿಯಾಗಿರಬೇಕು. ವೈನ್ಸ್ ಅಂತ ಬೋರ್ಡ್ ಇದ್ದರೂ ಅಲ್ಲಿ ಸಿಗೋದು ಬರೀ ವೈನ್ ಅಲ್ಲ. ವಿಸ್ಕಿ, ಬ್ರಾಂದಿ, ಬಿಯರ್ ಎಲ್ಲಾ ಇರುತ್ತದೆ. ಆದರೆ ಅದು ಸಿಎಲ್-2, ಬಾಟಲಿ ತಗೊಂಡು ಹೋಗಬೇಕು, ಅಲ್ಲೇ ಕುಡಿಯೋ ಹಾಗಿಲ್ಲ. ಎಂಎಸ್‌ಐಎಲ್ ಅಂದರೆ ಸರ್ಕಾರಿ ಸಂಸ್ಥೆಯ ಮಳಿಗೆ, ಅದೂ ಹಾಗೇ. ಕೂತು ಕುಡಿಯಬೇಕಿದ್ದರೆ ಬಾರ್. ವಯಸ್ಸಾದವರು ಕೆಲವರು ಈಗಲೂ ಪಡಖಾನೆ, ಸಾರಾಯಿ ಅಂಗಡಿ ಅಂತಾರೆ. ಸಾರಾಯಿ ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಬಂದ್ ಆಯಿತು, ಪದ ಮಾತ್ರ ಉಳಿದಿದೆ.

ಉತ್ತರ ಕರ್ನಾಟಕದವರದ್ದು ಬೇರೆ ಮಾತು. ವಿಜಯಪುರದ ಹಿರಿಯರೊಬ್ಬರು "ಇಲ್ಲಿ ಖಾನಾವಳಿ ಎಲ್ಲೈತ್ರಿ? ವಸ್ತಿಗೆ ಜಾಗ ಸಿಗ್ತೈತೇನ್ರಿ?" ಅಂದಾಗ ನಮ್ಮ ಸ್ಟ್ಯಾಂಡಿನ ಹುಡುಗರು ಮುಖ ಮುಖ ನೋಡಿಕೊಂಡರು. ಖಾನಾವಳಿ ಅಂದರೆ ನಮ್ಮ ಮೆಸ್ ಇದ್ದ ಹಾಗೆ. ವಸ್ತಿ ಅಂದರೆ ರಾತ್ರಿ ತಂಗೋದು. ಹಳ್ಳಿಯಲ್ಲಿ ರಾತ್ರಿ ನಿಲ್ಲೋ ಬಸ್ಸಿಗೂ ಅವರ ಕಡೆ ವಸ್ತಿ ಬಸ್ ಅಂತಾರೆ. ಎಂಥಾ ಚೆಂದದ ಪದ, ಅಲ್ವಾ? ಇಲ್ಲಿಗೆ ಬಂದರೆ ಮಾತ್ರ 'ಮೆಸ್', 'ರೂಮ್' ಅಂತ ಕೇಳಿ, ಬೇಗ ತಲುಪುತ್ತೀರಿ.

ಛತ್ರ ಅಂತ ಕೇಳಿದರೆ ಸೀದಾ ಮದುವೆ ಮನೆಗೆ ಹೋಗುತ್ತೀರಿ. ಹಿಂದೆ ದಾರಿಹೋಕರು ತಂಗುತ್ತಿದ್ದ ಜಾಗದ ಹೆಸರು ಈಗ ಕಲ್ಯಾಣ ಮಂಟಪಕ್ಕೆ ಸೇರಿದೆ. ಪ್ರವಾಸಿ ಮಂದಿರದ ಹೆಸರು ನೋಡಿ ಟೂರಿಸ್ಟ್‌ಗಳು ಬ್ಯಾಗ್ ಹಿಡಿದು ಹೋಗುತ್ತಾರೆ, ಪಾಪ. ಅದು ಸರ್ಕಾರಿ ಬಂಗಲೆ, ನಾವು ಐಬಿ ಅಂತೀವಿ. ಅಧಿಕಾರಿಗಳು, ಮಂತ್ರಿಗಳು ಉಳಿಯೋ ಜಾಗ. ಮೊದಲೇ ಅನುಮತಿ ಇಲ್ಲದೆ ಸುಮ್ನೆ ಹೋದರೆ ರೂಮ್ ಸಿಗೋದು ಕಷ್ಟ. ಕೈಯಲ್ಲಿ ದುಡ್ಡು ಕಮ್ಮಿ, ಹೊಟ್ಟೆ ಹಸಿದಿದೆ ಅಂದರೆ ಕ್ಯಾತ್ಸಂದ್ರದ ಹತ್ತಿರ ಸಿದ್ಧಗಂಗಾ ಮಠಕ್ಕೆ ಹೋಗಿ, 'ದಾಸೋಹ ಎಲ್ಲಿ' ಅಂತ ಕೇಳಿ. ಅಲ್ಲಿ ಊಟಕ್ಕೆ ಕಾಸು ಕೇಳುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಬಂದರೆ ರಸ್ತೆ ಬದಿ ಅರವಟ್ಟಿಗೆ ಸಿಗುತ್ತದೆ, ನೀರು, ಮಜ್ಜಿಗೆ ಪುಕ್ಕಟೆ.

ಇನ್ನೊಂದು ಮಾತು. ಲಾಡ್ಜ್‌ಗೆ ಹೋಗುವಾಗ ಒರಿಜಿನಲ್ ಆಧಾರ್ ಇಟ್ಟುಕೊಳ್ಳಿ. ಚೆಕ್‌ಔಟ್ 24 ಗಂಟೆನಾ, ಮಧ್ಯಾಹ್ನ 12ಕ್ಕಾ ಅಂತ ರಿಜಿಸ್ಟರ್‌ಗೆ ಸಹಿ ಹಾಕೋ ಮೊದಲೇ ಕೇಳಿ. ರಾತ್ರಿ 11ಕ್ಕೆ ರೂಮ್ ಹಿಡಿದವರಿಗೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ದಿನದ ವ್ಯತ್ಯಾಸ ಬರುತ್ತದೆ.