ಟೀವಿಯಲ್ಲಿ ಬಂದ ಆಧಾರ್ ಕಾರ್ಡು

ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಮೂರು ಕೋಣೆ, ಹಿಂದೆ ಅಡಿಕೆ ತೋಟ. ಯಾಣ, ಸಹಸ್ರಲಿಂಗ ನೋಡಲು ಬಂದವರು ಒಂದೆರಡು ದಿನ ಉಳಿದು, ತೊಡೆದೇವು ಕಟ್ಟಿಸಿಕೊಂಡು ಹೋಗುತ್ತಾರೆ. ಡೇಟಾ ರಕ್ಷಣೆ ಅನ್ನೋದು ಬೆಂಗಳೂರಿನ ದೊಡ್ಡ ಕಂಪನಿಗಳ ತಲೆನೋವು ಅಂತಲೇ ನಾನು ತಿಳಿದಿದ್ದೆ.

ನೆಂಟರ ಮನೆಯಲ್ಲಿ ಉಪನಯನ. ಊಟ ಮುಗಿಸಿ ಎಲ್ಲರೂ ಕವಳ ಹಾಕುತ್ತ ಕುಳಿತಿದ್ದರು. ಬೆಳಿಗ್ಗೆ ತೆಗೆದ ಫೋಟೋ ತೋರಿಸೋಣ ಅಂತ ನನ್ನ ಫೋನನ್ನು ಟೀವಿಗೆ ಜೋಡಿಸಿದೆ. ಮಾಣಿಯ ಫೋಟೋ, ಭಿಕ್ಷೆಯ ಫೋಟೋ, ಆಮೇಲೆ ಪರದೆ ತುಂಬ ಯಾರದೋ ಆಧಾರ್ ಕಾರ್ಡು. ಗಾಬರಿಯಲ್ಲಿ ಬೆರಳಾಡಿಸಿದೆ, ಇನ್ನೊಂದು ಬಂತು. ಬೆಂಗಳೂರಿನ ಭಾವ ಮುಂದೆ ಬಗ್ಗಿ, “ಇದು ನಮ್ಮ ಆಫೀಸಿನ ಕೂಸಲ್ದಾ? ಯಾರ ಸಂತಿಗೆ ಬಂದಿತ್ತು?” ಅಂದ. ಕೂಸು ಅಂದರೆ ನಮ್ಮ ಕಡೆ ಹುಡುಗಿ, ಸಂತಿಗೆ ಅಂದರೆ ಜೊತೆಗೆ. ಎಲ್ಲರೂ ನಕ್ಕರು. ನಾನು ವೈರು ಕಿತ್ತೆ.

ರಾತ್ರಿ ಮನೆಗೆ ಬಂದು ನೋಡಿದರೆ, ನಾಲ್ಕು ವರ್ಷದಲ್ಲಿ ಬಂದ ಅತಿಥಿಗಳ ಗುರುತಿನ ಚೀಟಿ ಆರುನೂರರ ಮೇಲಿದ್ದವು. ಯಾಕೆ ಇಟ್ಟುಕೊಂಡಿದ್ದೆ? ಅಳಿಸಬೇಕು ಅಂತ ಹೊಳೆದೇ ಇರಲಿಲ್ಲ, ಅಷ್ಟೇ.

ಆಮೇಲೆ ಕಾಯ್ದೆ ಓದಲು ಕುಳಿತೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಆದದ್ದು 2023ರ ಆಗಸ್ಟಿನಲ್ಲಿ, ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ನಮ್ಮಂಥವರಿಗೆ ತಾಗುವ ಮುಖ್ಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು. ಮಾಹಿತಿ ಕಾಯುವುದರಲ್ಲಿ ಎಡವಿದರೆ ದಂಡ 250 ಕೋಟಿ ರೂಪಾಯಿವರೆಗೆ. ತಪ್ಪು ಎಷ್ಟು ದೊಡ್ಡದು ಅಂತ ನೋಡಿಯೇ ದಂಡ ಹಾಕುವುದಂತೆ. ನಮ್ಮ ತೋಟ, ಎರಡು ಎಮ್ಮೆ ಸೇರಿಸಿ ಮಾರಿದರೂ ಅದರ ಬಡ್ಡಿ ಹುಟ್ಟುವುದಿಲ್ಲ ಬಿಡಿ.

ಒಂದು ಸಂಗತಿ ಮಾತ್ರ ನನಗೆ ತುಂಬ ಉಪಯೋಗಕ್ಕೆ ಬಂತು. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ. ಕಾಗದದ ರಿಜಿಸ್ಟರು ಅದರೊಳಗೆ ಬರುವುದಿಲ್ಲ, ಆ ಪುಟದ ಫೋಟೋ ಹೊಡೆದರೆ ಬರುತ್ತದೆ. ಹಾಗಾಗಿ ನಾನು ಹಿಂದಕ್ಕೇ ಹೋದೆ. ಈಗ ಚೀಟಿ ನೋಡುತ್ತೇನೆ, ಹೆಸರು, ಊರು, ಫೋನ್ ನಂಬರು, ಆಧಾರಿನ ಕೊನೆಯ ನಾಲ್ಕು ಅಂಕಿ ಪುಸ್ತಕದಲ್ಲಿ ಬರೆದು ವಾಪಸ್ ಕೊಡುತ್ತೇನೆ. ಫೋನಿನಲ್ಲೇ ತೋರಿಸುವವರಿಗೆ ಮಾಸ್ಕ್ಡ್ ಆಧಾರ್ ಸಾಕು ಅನ್ನುತ್ತೇನೆ, ಅದರಲ್ಲಿ ಮೊದಲ ಎಂಟು ಅಂಕಿ ಕಾಣುವುದಿಲ್ಲ. ವಿದೇಶಿಯರದ್ದು ಬೇರೆ. ಅವರ ವಿವರ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಲೇಬೇಕು. ಸಲ್ಲಿಸಿದ ಮೇಲೆ ಪಾಸ್‌ಪೋರ್ಟಿನ ಫೋಟೋ ಅಳಿಸುತ್ತೇನೆ.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಹೋಟೆಲಿನಂಥ ಕಡೆ ಆಧಾರ್ ನಕಲು ಕೊಡಬೇಡಿ ಅಂತ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನಕ್ಕೆ ಅದನ್ನು ವಾಪಸ್ ಪಡೆದರು. ವಾಪಸ್ ಪಡೆದ ಸುದ್ದಿ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು, ಅನುಕೂಲ ಆಗಿತ್ತಲ್ವಾ!

ಹಳೆಯದನ್ನು ಅಳಿಸುವುದೇ ದೊಡ್ಡ ರಗಳೆ. ಗ್ಯಾಲರಿಯಲ್ಲಿ ಅಳಿಸಿದ್ದು ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನದವರೆಗೂ ಕೂತಿರುತ್ತದೆ, ಅದನ್ನೂ ಖಾಲಿ ಮಾಡಬೇಕು. ಅದಕ್ಕಿಂತ ಕಷ್ಟದ್ದು ವಾಟ್ಸಾಪ್. ನಮ್ಮದೊಂದು ಗ್ರೂಪಿದೆ: ನಾನು, ಹೆಂಡತಿ, ಕೋಣೆ ನೋಡಿಕೊಳ್ಳುವ ಹುಡುಗ, ಜೀಪಿನವನು. ಬಸ್‌ಸ್ಟ್ಯಾಂಡಿನಿಂದ ಅತಿಥಿಗಳನ್ನು ಕರೆತರುವವನಿಗೆ ಹೆಸರು, ನಂಬರು ಸಾಕಿತ್ತು, ನಾನು ಇಡೀ ಕಾರ್ಡೇ ಹಾಕುತ್ತಿದ್ದೆ. ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಕಳಿಸಿದ ಎರಡು ದಿನ ಚಿಲ್ಲರೆಯವರೆಗೆ ಮಾತ್ರ. ಹಾಗಾಗಿ ಒಂದು ಭಾನುವಾರ ಇಬ್ಬರನ್ನೂ ಕರೆಸಿ, ಚಾ ಕೊಟ್ಟು, ಕೈಯಾರೆ ಅಳಿಸಿದೆವು. ಜೀಪಿನವನ ಹಳೆ ಫೋನು ಮಗಳ ಹತ್ತಿರ ಇತ್ತು. ಅದರಲ್ಲೂ ಇದ್ದವು.

ಮಳೆಗಾಲದ ಆಫರ್ ಅಂತ ಹಳೆ ಅತಿಥಿಗಳಿಗೆಲ್ಲ ಸುಮ್ನೆ ಮೆಸೇಜು ಹಾಕುವುದನ್ನೂ ಬಿಟ್ಟೆ. ಈಗ ಕೇಳಿ, ಹೂಂ ಅಂದವರಿಗೆ ಮಾತ್ರ.

ಒಂದು ಕೆಲಸವನ್ನು ಮುಂದೂಡುತ್ತಲೇ ಇದ್ದೆ. ಮಾಹಿತಿ ಹೊರಗೆ ಹೋದರೆ ಆ ವ್ಯಕ್ತಿಗೆ ತಿಳಿಸಬೇಕು ಅನ್ನುತ್ತದೆ ಕಾಯ್ದೆ. ಗಡುವು ಇನ್ನೂ ದೂರ ಇತ್ತು, ಆದರೂ ಮನಸ್ಸು ಕೇಳಲಿಲ್ಲ. ಹತ್ತು ದಿನ ಬಿಟ್ಟು ಭಾವನ ಆಫೀಸಿನ ಆ ಹುಡುಗಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಓ, ಅದಕ್ಕೇ ಅವರು ಸೋಮವಾರ ಕ್ಯಾಂಟೀನಲ್ಲಿ ಎಲ್ಲರೆದುರಿಗೆ ‘ಶಿರಸಿ ಹೇಗಿತ್ತು’ ಅಂತ ಕೇಳಿದ್ದಾ?” ಅಂದರು.

ಭಾವನ ಹತ್ತಿರ ಮಾತಾಡುತ್ತೇನೆ ಅಂದೆ. “ಬೇಡ ಸರ್, ಇನ್ನೂ ದೊಡ್ಡದಾಗುತ್ತೆ” ಅಂತ ಫೋನ್ ಇಟ್ಟರು.