ವೇಷ ಕುಣಿಯುವ ಹೊತ್ತಿಗೆ ಕ್ಯಾಮೆರಾ ಸಿದ್ಧವಿರಲಿ: ಕ್ವಾಲಿಟಿ, ಐಎಸ್‌ಒ ಹೊಂದಿಸುವುದು ಹೇಗೆ?

ಮುಂಬಯಿಯಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಸಂಜೆ ಯಕ್ಷಗಾನದ ಚೆಂಡೆ ಬಾರಿಸಿತೆಂದರೆ ಸಭಿಕರ ಸಾಲುಗಳಲ್ಲಿ ಕ್ಯಾಮೆರಾಗಳು ಮೇಲೇಳುತ್ತವೆ. ಮನೆಗೆ ಹೋಗಿ ಕಂಪ್ಯೂಟರಿಗೆ ಹಾಕಿ ನೋಡಿದಾಗ ಒಂದು ಚಿತ್ರದಲ್ಲಿ ವೇಷಧಾರಿಯ ಕೈ ಕಲಸಿಹೋಗಿರುತ್ತದೆ, ಇನ್ನೊಂದರಲ್ಲಿ ಮುಖದ ಬಣ್ಣವೆಲ್ಲ ಬೆಳಕಿನಲ್ಲಿ ತೊಳೆದುಹೋಗಿರುತ್ತದೆ, ಮತ್ತೊಂದನ್ನು ಸ್ವಲ್ಪ ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆಯುತ್ತದೆ. ಕ್ಯಾಮೆರಾ ಹಳೆಯದಾಯಿತು, ಹೊಸದು ಬೇಕು ಎಂಬ ತೀರ್ಮಾನಕ್ಕೆ ಆಗಲೇ ಬರಬೇಡಿ. ಇವುಗಳಲ್ಲಿ ಹೆಚ್ಚಿನವು ಮೆನುವಿನಲ್ಲೇ ಸರಿಹೋಗುವ ತಪ್ಪುಗಳು. ಕಾರ್ಯಕ್ರಮಕ್ಕೆ ಹೊರಡುವ ಮುಂಚೆ ಮನೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ದೀಪ ಆರಿದ ಮೇಲೆ ಸಭಾಂಗಣದಲ್ಲಿ ಮೆನು ಹುಡುಕುವುದು ಆಗದ ಕೆಲಸ.

ಮೊದಲು ಮೇಲಿನ ಡಯಲ್ ನೋಡಿ. ಅದು ಹಸಿರು ಆಟೋದಲ್ಲಿದ್ದರೆ ಐಎಸ್‌ಒ, ಅಂದರೆ ಬಿದ್ದ ಬೆಳಕನ್ನು ಎಷ್ಟು ಹಿಗ್ಗಿಸಬೇಕೆಂಬ ಅಂಕಿಯ ನಿರ್ಧಾರ ಕ್ಯಾಮೆರಾದ ಕೈಯಲ್ಲೇ ಉಳಿಯುತ್ತದೆ, ನಿಮಗೆ ಸಿಗುವುದಿಲ್ಲ. ಪಿ, ಎ, ಎಸ್, ಎಂ ಇವುಗಳಲ್ಲಿ ಒಂದಕ್ಕೆ ತಿರುಗಿಸಿ. ಕ್ಯಾನನ್‌ನಲ್ಲಿ ಎ ಮತ್ತು ಎಸ್ ಬದಲು ಎವಿ, ಟಿವಿ ಎಂದು ಬರೆದಿರುತ್ತದೆ. ಕೆಲಸ ಅದೇ.

ಸೈಜ್ ಬೇರೆ, ಕ್ವಾಲಿಟಿ ಬೇರೆ

ಮೆನುವಿನಲ್ಲಿ ಬಹಳ ಜನ ಎಡವುವುದು ಇಲ್ಲಿ. ಇಮೇಜ್ ಸೈಜ್ ಎಂದರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಇರಬೇಕು ಎಂಬುದು. ಇಮೇಜ್ ಕ್ವಾಲಿಟಿ ಎಂದರೆ ಆ ಪಿಕ್ಸೆಲ್‌ಗಳನ್ನು ಎಷ್ಟು ಹಿಂಡಿ ಕಾರ್ಡಿಗೆ ಬರೆಯಬೇಕು ಎಂಬುದು. ನಿಕಾನ್‌ನಲ್ಲಿ ಇವು ಎರಡು ಬೇರೆ ಬೇರೆ ಸಾಲುಗಳು: ಸೈಜ್‌ಗೆ ಲಾರ್ಜ್, ಮೀಡಿಯಂ, ಸ್ಮಾಲ್, ಕ್ವಾಲಿಟಿಗೆ ಫೈನ್, ನಾರ್ಮಲ್, ಬೇಸಿಕ್. ಕ್ಯಾನನ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಸೇರಿಕೊಂಡಿವೆ: ಎಲ್, ಎಂ, ಎಸ್ ಅಕ್ಷರದ ಪಕ್ಕದಲ್ಲಿ ನಯವಾದ ಕಾಲು ವೃತ್ತ ಇದ್ದರೆ ಕಡಿಮೆ ಹಿಂಡಿದ್ದು, ಮೆಟ್ಟಿಲಿನಂತೆ ಕೊರೆದ ಕಾಲು ವೃತ್ತ ಇದ್ದರೆ ಹೆಚ್ಚು ಹಿಂಡಿದ್ದು. ಆದ್ದರಿಂದ ‘ಲಾರ್ಜ್ ಇಟ್ಟಿದ್ದೇನಲ್ಲ’ ಎಂದು ಸುಮ್ಮನಾಗಬೇಡಿ. ಲಾರ್ಜ್ ಜೊತೆಗೆ ಬೇಸಿಕ್ ಇದ್ದರೆ ಪಿಕ್ಸೆಲ್ ಪೂರ್ತಿ ಇದ್ದರೂ ವಿವರ ಹೋಗಿರುತ್ತದೆ.

ನಿಕಾನ್ ಲೆಕ್ಕದಲ್ಲಿ ಫೈನ್ ಎಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲಿಗೆ, ನಾರ್ಮಲ್ ಎಂದರೆ ಎಂಟರಲ್ಲಿ ಒಂದಕ್ಕೆ, ಬೇಸಿಕ್ ಎಂದರೆ ಹದಿನಾರರಲ್ಲಿ ಒಂದಕ್ಕೆ ಹಿಂಡುವುದು. ಹೀಗೆ ಹಿಂಡಿ ಬರೆಯುವ ಫೈಲಿನ ಬಗೆಯೇ ಜೆಪೆಗ್. ಅದು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದೊಳಗಿನ ಸಣ್ಣ ವಿವರವನ್ನು ಬಿಟ್ಟು ಜಾಗ ಉಳಿಸುತ್ತದೆ. ಹೆಚ್ಚು ಹಿಂಡಿದಾಗ ಆ ಚೌಕಗಳು ಆಕಾಶದಲ್ಲಿ, ನೀಲಿ ಪರದೆಯ ಮೇಲೆ ಕಣ್ಣಿಗೆ ಬೀಳುತ್ತವೆ. ರಂಗದ ಹಿಂದೆ ಕಟ್ಟಿದ ಬ್ಯಾನರ್ ಅನ್ನು ಹಿಗ್ಗಿಸಿ ನೋಡಿ: ಕನ್ನಡ ಅಕ್ಷರದ ಅಂಚಿನ ಸುತ್ತ ಧೂಳು ಮೆತ್ತಿದಂತೆ ಕಂಡರೆ ಅದು ಲೆನ್ಸಿನ ದೋಷವಲ್ಲ, ಹಿಂಡಿದ್ದರ ಗುರುತು. ಒಮ್ಮೆ ಹೋದ ವಿವರವನ್ನು ಯಾವ ಸಾಫ್ಟ್‌ವೇರೂ ಪೂರ್ತಿಯಾಗಿ ವಾಪಸು ತರಲಾರದು.

ಇನ್ನು ಪಿಕ್ಸೆಲ್ ಲೆಕ್ಕ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಲಾರ್ಜ್ ಚಿತ್ರ 6000 × 4000 ಪಿಕ್ಸೆಲ್. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಎಂದು ಹಿಡಿದರೆ 6 × 4 ಇಂಚಿನ ಫೋಟೊಗೆ 1800 × 1200 ಸಾಕು, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ಚೂರು ಹೆಚ್ಚು. ಆದರೆ ಮದುವೆ ಆಲ್ಬಮ್ಮಿನ 18 × 12 ಇಂಚಿನ ಪುಟಕ್ಕೆ 5400 × 3600 ಬೇಕು. ಸ್ಮಾಲ್‌ನಲ್ಲಿ ತೆಗೆದ ಚಿತ್ರದ ಅಗಲ ಸುಮಾರು 3000 ಪಿಕ್ಸೆಲ್ ಮಾತ್ರ; ಅದು ಹತ್ತು ಇಂಚಿಗೇ ಮುಗಿಯುತ್ತದೆ. ಗುಂಪು ಫೋಟೊದಿಂದ ಅಜ್ಜಿಯ ಮುಖವನ್ನಷ್ಟೇ ಕತ್ತರಿಸಿ ಫ್ರೇಮ್ ಹಾಕಿಸಬೇಕೆಂದಾಗ ಈ ಲೆಕ್ಕ ಬೇಡವೆಂದರೂ ನೆನಪಾಗುತ್ತದೆ. ಲಾರ್ಜ್, ಫೈನ್ ಎಂದೇ ಇಟ್ಟುಬಿಡಿ. ಅಂಥ ಚಿತ್ರ ಒಂದಕ್ಕೆ ಸುಮಾರು 10 ಎಂಬಿ ಆದರೂ 64 ಜಿಬಿ ಕಾರ್ಡಿನಲ್ಲಿ ಐದಾರು ಸಾವಿರ ಹಿಡಿಸುತ್ತವೆ. ಜಾಗ ಉಳಿಸಲು ಕ್ವಾಲಿಟಿ ಇಳಿಸುವ ಕಾಲ ಮುಗಿದುಹೋಗಿದೆ.

ರಾ ಯಾವಾಗ ಬೇಕು?

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಂಡದ್ದನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುವ ಫೈಲ್ ಇದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಾದರೆ, 14 ಬಿಟ್ ರಾ ಫೈಲಿನಲ್ಲಿ 16,384. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ತಪ್ಪಿ ಎಲ್ಲರ ಮುಖ ಕಿತ್ತಳೆಯಾದರೂ ಕಂಪ್ಯೂಟರಿನಲ್ಲಿ ನೆಮ್ಮದಿಯಾಗಿ ಸರಿಮಾಡಬಹುದು. ಬೆಲೆ ಎಂದರೆ ಒಂದೊಂದಕ್ಕೆ ಸುಮಾರು 25 ಎಂಬಿ ಜಾಗ, ಮತ್ತು ಮನೆಯಲ್ಲಿ ಕೂತು ಒಂದೊಂದನ್ನೂ ತೆರೆದು ಜೆಪೆಗ್ ಮಾಡುವ ಕೆಲಸ. ಆ ಕೆಲಸಕ್ಕೆ ಸಮಯವಿಲ್ಲದವರು ರಾ ಇಟ್ಟುಕೊಂಡು ಪ್ರಯೋಜನವಿಲ್ಲ. ನಮ್ಮ ಸಲಹೆ: ಹಗಲಿನ ಸುತ್ತಾಟಕ್ಕೆ ಜೆಪೆಗ್ ಫೈನ್, ಬಣ್ಣದ ದೀಪಗಳ ರಂಗಕ್ಕೆ ಮತ್ತು ಮದುವೆಗೆ ರಾ ಜೊತೆ ಜೆಪೆಗ್. ಎರಡನ್ನೂ ಒಟ್ಟಿಗೆ ಬರೆಯುವಾಗ ಕ್ಯಾಮೆರಾದ ಬಫರ್, ಅಂದರೆ ಚಿತ್ರಗಳು ಕಾರ್ಡಿಗೆ ಹೋಗುವ ಮುನ್ನ ತಂಗುವ ಜಾಗ, ಬೇಗ ತುಂಬುತ್ತದೆ. ಸರಣಿಯಾಗಿ ಹೊಡೆಯುತ್ತಿದ್ದರೆ ಕೆಲವೇ ಚಿತ್ರಗಳಾದ ಮೇಲೆ ಶಟರ್ ನಿಂತುಬಿಡುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಕಾರ್ಡಿಗೆ ಬರೆದು ಮುಗಿಸುತ್ತಿದೆ ಅಷ್ಟೆ. ಬರೆಯುವ ವೇಗದ ಗುರುತಾಗಿ ವಿ30 ಎಂದು ಮುದ್ರಿಸಿದ ಕಾರ್ಡ್ ಬಳಸಿದರೆ ಈ ಕಾಯುವಿಕೆ ತಗ್ಗುತ್ತದೆ.

ಐಎಸ್‌ಒ ಮಾಡುವುದೇನು?

100, 200, 400, 800, 1600, 3200, 6400. ಒಂದೊಂದು ಮೆಟ್ಟಿಲೂ ಹಿಂದಿನದಕ್ಕೆ ಎರಡರಷ್ಟು. ಇದರಿಂದ ಸೆನ್ಸರಿಗೆ ಬೀಳುವ ಬೆಳಕು ಹೆಚ್ಚುವುದಿಲ್ಲ. ಬಿದ್ದ ಬೆಳಕಿನ ಸಂಕೇತ ಹಿಗ್ಗುತ್ತದೆ. ಭಾಗವತರು ಮೈಕಿನಿಂದ ದೂರ ಸರಿದಾಗ ಆಂಪ್ಲಿಫೈಯರ್ ಏರಿಸಿದರೆ ಪದವೂ ಜೋರಾಗುತ್ತದೆ, ಹಿಂದಿನ ಗೊರಗೊರವೂ ಜೋರಾಗುತ್ತದೆ. ಚಿತ್ರದಲ್ಲಿ ಆ ಗೊರಗೊರವೇ ನಾಯ್ಸ್, ಅಂದರೆ ರವೆ ಚೆಲ್ಲಿದಂಥ ಕಾಳು. ಅದರ ಮೂಲ ಐಎಸ್‌ಒ ಅಲ್ಲ, ಬೆಳಕಿನ ಕೊರತೆ. ಈ ಮಾತು ಮುಖ್ಯ. ಕಾಳಿಗೆ ಹೆದರಿ ಐಎಸ್‌ಒ 800ರಲ್ಲೇ ಕತ್ತಲು ಕತ್ತಲಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಅಷ್ಟೇ ಕಾಳು ಬರುತ್ತದೆ, ಎಷ್ಟೋ ಸಲ ಇನ್ನೂ ಹೆಚ್ಚು. ಜೆಪೆಗ್ ಆದರೆ ನೆರಳಿನ ಭಾಗ ಕಲೆ ಕಲೆಯಾಗಿ ಒಡೆಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಹಿಂದಿನ ಸಾಲಿನಿಂದ 55–200 ಲೆನ್ಸ್ ಪೂರ್ತಿ ಎಳೆದು ತೆಗೆಯುತ್ತಿದ್ದೀರಿ. ಅಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 5.6ಕ್ಕಿಂತ ದೊಡ್ಡದಾಗುವುದಿಲ್ಲ (ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ 800 ಇದೆ, ಕ್ಯಾಮೆರಾ ಶಟರ್ ವೇಗ 1/30 ಸೆಕೆಂಡ್ ಎಂದು ತೋರಿಸುತ್ತಿದೆ. ಅಭಿನಯದ ಕೈ ನಿಲ್ಲಬೇಕಾದರೆ 1/250 ಬೇಕು. ದಿಗಿಣ ಹಾರುವಾಗ 1/500 ಇದ್ದರೆ ಇನ್ನೂ ಒಳ್ಳೆಯದು. 1/30ರಿಂದ 1/60, 1/125, 1/250: ಮೂರು ಮೆಟ್ಟಿಲು. ಐಎಸ್‌ಒ ಕೂಡ ಮೂರು ಮೆಟ್ಟಿಲು ಹತ್ತಬೇಕು: 1600, 3200, 6400. ಹತ್ತಿಸಿ. ಅಥವಾ ಮುಂದಿನ ಸಾಲಿಗೆ ಹೋಗಿ 50 ಎಂಎಂ ಎಫ್ 1.8 ಲೆನ್ಸ್ ಹಾಕಿ ಎಫ್ 2ರಲ್ಲಿ ತೆಗೆಯಿರಿ, 5.6ರಿಂದ 4, 2.8, 2 ಎಂದು ಆ ಮೂರು ಮೆಟ್ಟಿಲು ಲೆನ್ಸಿನಿಂದಲೇ ಸಿಗುತ್ತದೆ, ಐಎಸ್‌ಒ 800ರಲ್ಲೇ ಉಳಿಯಬಹುದು. ರಂಗದ ಫೋಟೊಗೆ ಹಣ ಹಾಕುವುದಾದರೆ ಹೊಸ ಕ್ಯಾಮೆರಾಕ್ಕಿಂತ ಮೊದಲು ಈ ಸಣ್ಣ ಲೆನ್ಸಿಗೆ ಹಾಕಿ. ಆ ಲೆನ್ಸ್ ಇಲ್ಲದಿದ್ದರೆ ಐಎಸ್‌ಒ ಏರಿಸಿ ಕಾಳನ್ನೇ ಒಪ್ಪಿಕೊಳ್ಳಿ. ಕಾಳನ್ನು ಆಮೇಲೆ ತಗ್ಗಿಸಬಹುದು, ಪ್ರಿಂಟಿನಲ್ಲಿ ಅದು ಅರ್ಧ ಮಾಯವೂ ಆಗುತ್ತದೆ. ಅಲುಗಿದ ಕಣ್ಣನ್ನು ಹಾಗೆ ನಿಲ್ಲಿಸಲಾಗದು.

ನಿಮ್ಮ ಕ್ಯಾಮೆರಾದ ಮಿತಿ ಎಲ್ಲಿ?

ಇದನ್ನು ಬೇರೆಯವರ ಮಾತಿನಿಂದ ತಿಳಿಯಬೇಡಿ, ಮನೆಯಲ್ಲೇ ಪರೀಕ್ಷಿಸಿ. ಸಂಜೆ ಒಂದೇ ದೀಪ ಹಚ್ಚಿ ಕುರ್ಚಿಯ ಬೆನ್ನಿಗೆ ಇಳಕಲ್ ಸೀರೆಯೊಂದನ್ನು ಇಳಿಬಿಡಿ. ಕೆಂಪು ಸೆರಗು ಮುಂದಿರಲಿ, ಮೈಯ ಗಾಢ ಬಣ್ಣ ಮಡಿಕೆಯಲ್ಲಿರಲಿ. ಕ್ಯಾಮೆರಾವನ್ನು ಮೇಜಿನ ಮೇಲೆ ಪುಸ್ತಕಗಳಿಗೆ ಆನಿಸಿ, ಎ ಮೋಡ್‌ನಲ್ಲಿ ಎಫ್ 5.6 ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ. ಐಎಸ್‌ಒ 100ರಿಂದ ಶುರು ಮಾಡಿ ಮೆಟ್ಟಿಲಿಗೊಂದರಂತೆ ತೆಗೆಯಿರಿ. ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಸೆರಗಿನ ಗೋಪುರದ ತುದಿಯನ್ನು ನೋಡಿ: 400ರಲ್ಲಿ ಎಳೆ ಎಳೆ ಎಣಿಸಬಹುದು, 3200ರ ಹೊತ್ತಿಗೆ ಎಳೆಗಳು ಒಂದಕ್ಕೊಂದು ಅಂಟಲು ಶುರುವಾಗಿರಬಹುದು. ಬಳಿಕ ಮಡಿಕೆಯ ನೆರಳನ್ನು ನೋಡಿ. ಕಾಳು ಮೊದಲು ಕಾಣುವುದು ಅಲ್ಲಿ. ಬರಿಯ ರವೆಯಂತಿದ್ದರೆ ಪರವಾಗಿಲ್ಲ. ನೇರಳೆ, ಹಸಿರು ಮಚ್ಚೆಗಳು ಮೂಡತೊಡಗಿದವೆಂದರೆ ಅದರ ಹಿಂದಿನ ಮೆಟ್ಟಿಲೇ ನಿಮ್ಮ ಮಿತಿ. ಸಾಮಾನ್ಯವಾಗಿ ಸಣ್ಣ ಸೆನ್ಸರಿನ ಕಿಸೆ ಕ್ಯಾಮೆರಾಕ್ಕೆ 800, ಮಧ್ಯಮ ಗಾತ್ರದ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಕ್ಕೆ 3200ರಿಂದ 6400, ಇನ್ನೂ ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಅದಕ್ಕೂ ಒಂದು ಮೆಟ್ಟಿಲು ಮೇಲೆ ಬಂದು ನಿಲ್ಲುತ್ತದೆ. ಅಂಕಿಯ ಬದಲು ಹೈ1, ಎಚ್ ಎಂದು ಬರೆದ ಮೆಟ್ಟಿಲುಗಳನ್ನು ತೀರಾ ಅನಿವಾರ್ಯವಾದಾಗ ಮಾತ್ರ ಮುಟ್ಟಿ.

ಇದೇ ಪರೀಕ್ಷೆಯಲ್ಲಿ ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಎಂಬ ಆಯ್ಕೆಯನ್ನೂ ನೋಡಿಕೊಳ್ಳಿ. ಅದನ್ನು ಹೈ ಇಟ್ಟರೆ ಕಾಳಿನ ಜೊತೆ ಸೀರೆಯ ಎಳೆಯನ್ನೂ ಒರೆಸಿಬಿಡುತ್ತದೆ. ಮನುಷ್ಯರ ಕೂದಲು ಮೇಣ ಹಚ್ಚಿದಂತೆ ಕಾಣುತ್ತದೆ. ಲೋ ಅಥವಾ ನಾರ್ಮಲ್ ಸಾಕು. ಜೆಪೆಗ್‌ಗೆ ಮಾತ್ರ ಇದು ಅಂಟುವ ಮಾತು, ರಾ ತೆಗೆದವರು ಆಮೇಲೆ ತಮಗೆ ಬೇಕಾದಷ್ಟು ಮಾಡಿಕೊಳ್ಳಬಹುದು.

ಮಿತಿ ಗೊತ್ತಾದ ಮೇಲೆ ಆಟೋ ಐಎಸ್‌ಒ ಹೊಂದಿಸಿ. ಮ್ಯಾಕ್ಸಿಮಮ್ ಸೆನ್ಸಿಟಿವಿಟಿಗೆ ನಿಮ್ಮ ಮಿತಿಯ ಅಂಕಿ. ಅದರ ಕೆಳಗೆ ಮಿನಿಮಮ್ ಶಟರ್ ಸ್ಪೀಡ್ ಇದ್ದರೆ 1/250. ಎಷ್ಟೋ ಜನ ಈ ಎರಡನೆಯ ಸಾಲನ್ನು ಮುಟ್ಟುವುದೇ ಇಲ್ಲ. ಕ್ಯಾಮೆರಾ 1/60ರವರೆಗೆ ಇಳಿದು ಕುಣಿತವನ್ನೆಲ್ಲ ಕಲಸಿಹಾಕುವುದು ಅದರಿಂದಲೇ. ಆ ಸಾಲು ನಿಮ್ಮ ಕ್ಯಾಮೆರಾದಲ್ಲಿ ಇಲ್ಲದಿದ್ದರೆ ಎಸ್ ಅಥವಾ ಟಿವಿ ಮೋಡ್‌ಗೆ ಹೋಗಿ ಶಟರನ್ನು ನೀವೇ 1/250ಕ್ಕೆ ನಿಲ್ಲಿಸಿ, ಐಎಸ್‌ಒ ಆಟೋದಲ್ಲಿರಲಿ.

ರಂಗದ ಎದುರು

ಕಪ್ಪು ಪರದೆಯ ಮುಂದೆ ಒಂದೇ ವೇಷ ನಿಂತಿದ್ದರೆ ಕ್ಯಾಮೆರಾ ಪರದೆಯ ಕಪ್ಪನ್ನು ಅಳೆದು ‘ಕತ್ತಲಿದೆ’ ಎಂದುಕೊಳ್ಳುತ್ತದೆ. ಐಎಸ್‌ಒ ಬೇಡದಷ್ಟು ಏರಿಸಿ ಮುಖವನ್ನು ಸುಟ್ಟುಬಿಡುತ್ತದೆ. ಪ್ಲಸ್–ಮೈನಸ್ ಗುರುತಿನ ಗುಂಡಿಯಿಂದ ಮೈನಸ್ 0.7 ಅಥವಾ ಮೈನಸ್ 1 ಮಾಡಿ. ಯಕ್ಷಗಾನದಲ್ಲಿ ಇನ್ನೊಂದು ತೊಡಕಿದೆ: ಕೆಂಪು. ಹಳದಿ ಬೆಳಕಿನಲ್ಲಿ ಕೆಂಪು ದಗಲೆ, ಕಿರೀಟದ ಕೆಂಪು ಅಂಚು ಎಲ್ಲಕ್ಕಿಂತ ಮೊದಲು ತುಂಬಿಹೋಗುತ್ತವೆ. ಬಟ್ಟೆಯ ನೆರಿಗೆಯೇ ಕಾಣದೆ ಕೆಂಪು ಕಾಗದ ಅಂಟಿಸಿದಂತಾಗುತ್ತದೆ. ಬಿಳಿ ಹಿಸ್ಟೊಗ್ರಾಮ್, ಅಂದರೆ ಚಿತ್ರದ ಒಟ್ಟು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಇದನ್ನು ಹೇಳದೇ ಹೋಗಬಹುದು. ಚಿತ್ರ ನೋಡುವಾಗ ಮೂರು ಬಣ್ಣದ ಹಿಸ್ಟೊಗ್ರಾಮ್ ತೆರೆದು, ಕೆಂಪು ಗುಡ್ಡ ಬಲಗಡೆಯ ಗೋಡೆಗೆ ಒತ್ತಿಕೊಂಡಿದೆಯೇ ನೋಡಿ. ಒತ್ತಿದ್ದರೆ ಇನ್ನೂ ಅರ್ಧ ಮೆಟ್ಟಿಲು ಇಳಿಸಿ.

ಸರಣಿಯಲ್ಲಿ ತೆಗೆದ ಚಿತ್ರಗಳು ಒಂದು ಬೆಳಕು, ಒಂದು ಕತ್ತಲು ಆಗಿ ಬರುತ್ತಿವೆಯೇ? ಅಡ್ಡ ಪಟ್ಟೆ ಕಾಣುತ್ತಿವೆಯೇ? ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಮತ್ತು ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/100ಕ್ಕೆ ಇಳಿಸಿದರೆ ಒಂದು ಮಿಣುಕು ಪೂರ್ತಿ ಸೇರಿಕೊಂಡು ಪಟ್ಟೆ ಹೋಗುತ್ತದೆ. ಆಗ ಕುಣಿತ ಕಲಸುತ್ತದೆಯಲ್ಲ ಎಂದರೆ, ಹೌದು. ಕುಣಿತದ ನಡುವೆ ವೇಷ ನಿಲ್ಲುವ ಕ್ಷಣಕ್ಕೆ ಕಾಯಬೇಕು. ಆಂಟಿ ಫ್ಲಿಕರ್ ಆಯ್ಕೆಯಿರುವ ಕ್ಯಾಮೆರಾದಲ್ಲಿ ಅದನ್ನು ಆನ್ ಮಾಡಿದರೆ ವೇಗ ಇಳಿಸದೆಯೂ ನಡೆಯುತ್ತದೆ.

ಸಭಾಂಗಣದ ಹೊರಗೆ

ಶಿವಡಿಯ ಕೆಸರಿನಲ್ಲಿ ಚಳಿಗಾಲದ ಬೆಳಗ್ಗೆ ಫ್ಲೆಮಿಂಗೊ ಹಾರುವಾಗ ಶಟರ್ 1/1000ಕ್ಕಿಂತ ಕಡಿಮೆಯಾಗಬಾರದು, ಐಎಸ್‌ಒ 400 ಅಥವಾ 800. ಮಳೆಗಾಲದ ಮೋಡದಡಿ ದಾದರ್ ಹೂವಿನ ಮಾರ್ಕೆಟಿಗೆ 800ರಿಂದ 1600. ಮರೀನ್ ಡ್ರೈವ್‌ನ ರಾತ್ರಿ ದೀಪಗಳಿಗೆ ಮಾತ್ರ ಉಲ್ಟಾ: ಟ್ರೈಪಾಡ್ ಇದ್ದರೆ ಐಎಸ್‌ಒ 100, ಎಫ್ 8, ಹತ್ತು ಸೆಕೆಂಡಿನ ಆಸುಪಾಸು. ಆಟೋ ಐಎಸ್‌ಒ ಆಫ್ ಮಾಡುವುದನ್ನು ಮರೆಯಬೇಡಿ; ಟ್ರೈಪಾಡ್ ಇದೆಯೆಂದು ಕ್ಯಾಮೆರಾಕ್ಕೆ ಗೊತ್ತಿರುವುದಿಲ್ಲ, ಅದು 3200ಕ್ಕೆ ಹಾರುತ್ತದೆ. ಎಸಿ ಕಾರಿನಿಂದ ಇಳಿದ ತಕ್ಷಣ ಮಂಜು ಮಂಜಾಗಿ ಬಂದರೆ ಯಾವ ಸೆಟ್ಟಿಂಗೂ ತಿರುಗಿಸಬೇಡಿ, ಲೆನ್ಸಿನ ಮೇಲೆ ತೇವ ಕೂತಿದೆ. ಕ್ಯಾಮೆರಾ ಚೀಲದಲ್ಲೇ ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ.

ಚಿತ್ರ ಹಂಚುವಾಗ ವಾಟ್ಸ್‌ಆಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಮತ್ತೆ ಕಿರಿದಾಗಿ, ಹಿಂಡಿಸಿಕೊಂಡೇ ಹೋಗುತ್ತದೆ. ಸ್ಮರಣ ಸಂಚಿಕೆಗೆ ಕೊಡುವುದಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಕಾರ್ಡಿನಲ್ಲಿರುವುದೆಲ್ಲ ಎರಡು ಕಡೆ ಕಾಪಿಯಾದ ಬಳಿಕ ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ಚೀಲಕ್ಕೆ ಹಾಕುವ ಮುನ್ನ ಐಎಸ್‌ಒ 100ಕ್ಕೆ, ಪ್ಲಸ್–ಮೈನಸ್ ಸೊನ್ನೆಗೆ ಬಂದಿದೆಯೇ ಒಮ್ಮೆ ನೋಡಿ; ರಾತ್ರಿ ಬಿಟ್ಟ 6400 ಮರುದಿನದ ಬಿಸಿಲಿನಲ್ಲೂ ಹಾಗೆಯೇ ಕೂತಿರುತ್ತದೆ.